ಫಿಲ್ಟರ್ ಹಾಕಿದ ಮೇಲೆ ಉಳಿದವು ಎಲ್ಲಿ ಹೋದವು? ಒಂದು ಅಸೆಂಬ್ಲಿ ಬ್ರೌಸರ್ ಜೊತೆ ಏಳು ತಿಂಗಳು

ರಟ್ಟಿನ ಪೆಟ್ಟಿಗೆಯನ್ನು ಮಡಚಿ, ಒಳಗೆ ಸಾಮಾನು ತುಂಬಿ, ಅಂಟು ಹಾಕಿ ಮುಚ್ಚುವ ಮೆಷಿನ್ ನಮ್ಮದು. ದೂರದಿಂದ ನೋಡಿದರೆ ಉದ್ದನೆಯ ಒಂದು ಕಬ್ಬಿಣದ ಮೇಜು, ಅಷ್ಟೇ. ಡಿಸೈನ್ ಸಾಫ್ಟ್‌ವೇರ್‌ನ ಟ್ರೀಯಲ್ಲಿ, ಅಂದರೆ ಯಾವುದರೊಳಗೆ ಯಾವ ಭಾಗ ಇದೆ ಎಂದು ಮರದಂತೆ ಕವಲು ಕವಲಾಗಿ ತೋರಿಸುವ ಪಟ್ಟಿಯಲ್ಲಿ, ಅದೇ ಮೇಜು 31,460 ಸಾಲು. ಮೇಲಿಂದ ಕೆಳಗೆ 11 ಹಂತ. ಈ ಸಾಲುಗಳ ನಡುವೆ ಬೇಕಾದ್ದನ್ನು ಹುಡುಕುವುದು, ಬೇಡದ್ದನ್ನು ಮರೆಮಾಡುವುದು, ಇದರಲ್ಲೇ ನನ್ನ ದಿನದ ದೊಡ್ಡ ಪಾಲು ಹೋಗುತ್ತದೆ. ವಿನ್ಯಾಸ ಮಾಡುವುದು ಮಿಕ್ಕ ಸಮಯದಲ್ಲಿ.

ಏಳು ತಿಂಗಳ ಹಿಂದೆ ನಮ್ಮ ಆಫೀಸಿನಲ್ಲಿ ಡಿಸೈನ್ ಸಾಫ್ಟ್‌ವೇರ್‌ಗೆ ಜೋಡಿಸಿಕೊಳ್ಳುವ ಒಂದು ಅಸೆಂಬ್ಲಿ ಬ್ರೌಸರ್ ತೆಗೆದುಕೊಂಡರು. ಅಸೆಂಬ್ಲಿ ಅಂದರೆ ಭಾಗಗಳನ್ನು ಕೂಡಿಸಿದ ಜೋಡಣೆ. ದೊಡ್ಡ ಟ್ರೀಯನ್ನು ಬೇಗ ತೆರೆಯುವುದು, ಫಿಲ್ಟರ್ ಮಾಡುವುದು, ಫಿಲ್ಟರ್ ಆದದ್ದನ್ನು ಮಾತ್ರ ಮೂರು ಆಯಾಮದಲ್ಲಿ ತೋರಿಸುವುದು, ಇಷ್ಟು ಅದರ ಕೆಲಸ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಹೊಗಳುವುದೂ ಇದೆ, ಬೈಯುವುದೂ ಇದೆ. ನೀವು ನೋಡುತ್ತಿರುವುದು ಬೇರೆ ಯಾವುದೋ ಕಂಪನಿಯದ್ದಾಗಿದ್ದರೂ ಇದೇ ಪ್ರಶ್ನೆಗಳು ಬಂದೇ ಬರುತ್ತವೆ.

ಮೊದಲು ತೆರೆಯುವ ಮಾತು. ಹಳೇ ಪದ್ಧತಿಯಲ್ಲಿ ಇಡೀ ಮೆಷಿನ್ ತೆರೆಯಲು 14 ನಿಮಿಷ ಬೇಕಿತ್ತು. ತೆರೆಯಲು ಕೊಟ್ಟು ಎದ್ದು ಹೋಗುತ್ತಿದ್ದೆವು. ಬಂದು ನೋಡಿದರೆ ಒಮ್ಮೊಮ್ಮೆ ಮಧ್ಯದಲ್ಲೇ 'ಫೈಲ್ ಸಿಗಲಿಲ್ಲ, ಹುಡುಕಲೇ?' ಎಂದು ಕೇಳುತ್ತಾ ನಿಂತಿರುತ್ತಿತ್ತು. ಈ ಬ್ರೌಸರ್‌ನಲ್ಲಿ 9 ಸೆಕೆಂಡಿಗೆ ಟ್ರೀ ಬರುತ್ತದೆ, 40 ಸೆಕೆಂಡಿಗೆ ಚಿತ್ರ ಬರುತ್ತದೆ. ಮಂತ್ರವೇನೂ ಇಲ್ಲ. ಹೆಸರು ಮತ್ತು ಜೋಡಣೆ ಮೊದಲು ಬರುತ್ತವೆ, ಆಕಾರ ಆಮೇಲೆ. ಆಕಾರವೂ ಪೂರ್ತಿ ಅಲ್ಲ, ತ್ರಿಕೋನಗಳಿಂದ ಹೊಲಿದ ತೆಳ್ಳನೆಯ ಸಿಪ್ಪೆ ಮಾತ್ರ. ಹೇಗೆ ಕೊರೆದದ್ದು, ಯಾವ ಸ್ಕೆಚ್‌ನಿಂದ ಬಂದದ್ದು ಎಂಬ ಇತಿಹಾಸ ಕೇಳಿದಾಗಷ್ಟೇ ಇಳಿಯುತ್ತದೆ.

ಈ ಉಪಾಯ ಹೊಸದಲ್ಲ. ಕ್ಯಾಟಿಯಾ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಆನ್ ಮಾಡಿದರೆ ಸಿಜಿಆರ್ ಎಂಬ ಹಗುರ ಆಕಾರದ ಫೈಲ್ ಇಳಿಯುವುದೂ ಹೀಗೆಯೇ. ಸಾಲಿಡ್‌ವರ್ಕ್ಸ್‌ನಲ್ಲಿ ಲಾರ್ಜ್ ಡಿಸೈನ್ ರಿವ್ಯೂ ಅಂತ ಒಂದು ಮೋಡ್ ಇದೆ. ಕ್ರಿಯೋದಲ್ಲಿ ಸಿಂಪ್ಲಿಫೈಡ್ ರೆಪ್, ಅಂದರೆ ಸರಳ ಮಾಡಿದ ರೂಪ, ಇದೆ. ಇಂಥ ಹಗುರ ಆಕಾರಕ್ಕೆಂದೇ ಹೆಸರಾದ ಜೆಟಿ ಫಾರ್ಮ್ಯಾಟ್ 2012ರಲ್ಲಿ ಐಎಸ್‌ಒ 14306 ಎಂಬ ಅಂತರರಾಷ್ಟ್ರೀಯ ಮಾನಕವೂ ಆಯಿತು. ಇವೆಲ್ಲ ಬಳಸಿದವರಿಗೆ ಈ ಬ್ರೌಸರ್ ತೆರೆಯುವ ವೇಗ ಆಶ್ಚರ್ಯ ತರುವುದಿಲ್ಲ. ನಮಗೆ ತಂತು. ನಾವು ಅಷ್ಟು ಹಳಬರು.

ಟ್ರೀ ಬೇಗ ಬರಲು ಇನ್ನೊಂದು ಕಾರಣವಿದೆ. ಪರದೆಯ ಮೇಲೆ ಒಂದು ಸಲಕ್ಕೆ ಕಾಣುವುದು ಹೆಚ್ಚೆಂದರೆ 40 ಸಾಲು. ಮಿಕ್ಕ ಮೂವತ್ತೊಂದು ಸಾವಿರ ಸಾಲುಗಳನ್ನು ಅದು ಬರೆಯುವುದೇ ಇಲ್ಲ. ನೀವು ಸ್ಕ್ರಾಲ್ ಮಾಡಿದಂತೆ ಮೇಲಿನ ಸಾಲನ್ನು ಕಿತ್ತು ಕೆಳಗೆ ಹೊಸ ಹೆಸರು ಹಾಕಿ ಅಂಟಿಸುತ್ತದೆ. ನಾನು ಜೋರಾಗಿ ಸ್ಕ್ರಾಲ್ ಮಾಡಿದರೆ ಒಂದು ಗಳಿಗೆ ಖಾಲಿ ಬೂದು ಪಟ್ಟಿಗಳು ಕಾಣುತ್ತವೆ. ಅದನ್ನು ಕೆಲವರು ದೋಷ ಅಂತಾರೆ. ನನಗೆ ಹಾಗನ್ನಿಸಿಲ್ಲ. 14 ನಿಮಿಷ ಕಾದವಳಿಗೆ ಅರ್ಧ ಸೆಕೆಂಡ್ ಬೂದು ಬಣ್ಣ ಯಾವ ಲೆಕ್ಕ?

ಈಗ ಮರದ ವಿಷಯಕ್ಕೆ ಬರೋಣ. ಸಾಲು 31,460 ಇದ್ದರೂ ಬೇರೆ ಬೇರೆ ಪಾರ್ಟ್ ಇರುವುದು 4,218 ಮಾತ್ರ. ಎಂ8 ಗಾತ್ರದ, 25 ಮಿಲಿಮೀಟರ್ ಉದ್ದದ ಒಂದೇ ಅಲೆನ್ ಬೋಲ್ಟ್ 2,140 ಕಡೆ ಕೂತಿದೆ. ಬೋಲ್ಟಿನ ಆಕಾರ ಒಂದೇ ಸಲ ಇರುತ್ತದೆ, ಅದು ಎಲ್ಲಿ ಯಾವ ಕೋನದಲ್ಲಿ ನಿಲ್ಲಬೇಕು ಎಂಬುದು 2,140 ಸಲ ಇರುತ್ತದೆ. ಹಾಗೆ ನೋಡಿದರೆ ಇದನ್ನು ಮರ ಅನ್ನುವುದೇ ಅರ್ಧ ಸುಳ್ಳು. ಒಂದೇ ಎಲೆ ಎರಡು ಸಾವಿರ ಕೊಂಬೆಯಲ್ಲಿ ಇರುವ ಮರ ಎಲ್ಲಾದರೂ ಉಂಟಾ?

ಸುಮ್ನೆ ಹೋಲಿಕೆಗೆ ಹೇಳುತ್ತೇನೆ. 1994ರಲ್ಲಿ ಮೊದಲ ಸಲ ಹಾರಿದ ಬೋಯಿಂಗ್ 777 ವಿಮಾನವನ್ನು ಪೂರ್ತಿ ಕಂಪ್ಯೂಟರಿನಲ್ಲೇ, ಕ್ಯಾಟಿಯಾದಲ್ಲೇ ವಿನ್ಯಾಸ ಮಾಡಿದ್ದರು. ಬೋಲ್ಟು ರಿವೆಟ್ಟು ಎಲ್ಲ ಸೇರಿ ಅದರಲ್ಲಿ ಸುಮಾರು 30 ಲಕ್ಷ ಭಾಗ. ನಮ್ಮ ಮೆಷಿನ್ ಅದರ ನೂರರಲ್ಲಿ ಒಂದು ಪಾಲು. ಅಷ್ಟಕ್ಕೇ ನಮ್ಮ ಕಂಪ್ಯೂಟರ್‌ಗಳು ಏದುಸಿರು ಬಿಡುತ್ತಿದ್ದವು.

ಈ 'ಒಂದು ಎಲೆ, ಎರಡು ಸಾವಿರ ಕೊಂಬೆ' ವಿಷಯ ಫಿಲ್ಟರ್ ಹಾಕಿದಾಗ ತಲೆನೋವಾಗುತ್ತದೆ. ಆ ಬೋಲ್ಟಿನ ಹೆಸರು ಟೈಪ್ ಮಾಡಿ ನೋಡಿ. ಸಾಧಾರಣ ಸಾಫ್ಟ್‌ವೇರ್ ಆದರೆ ಎರಡರಲ್ಲಿ ಒಂದು ಮಾಡುತ್ತದೆ. ಒಂದು, 2,140 ಸಾಲುಗಳ ಚಪ್ಪಟೆ ಪಟ್ಟಿ ಕೊಡುತ್ತದೆ. ಎಲ್ಲದರಲ್ಲೂ ಅದೇ ಹೆಸರು. ಯಾವುದು ಎಲ್ಲಿಯದ್ದು ಗೊತ್ತಾಗುವುದಿಲ್ಲ. ಇನ್ನೊಂದು, ಟ್ರೀಯಲ್ಲಿ ಪ್ರತಿ ಬೋಲ್ಟಿನ ಮೇಲಿರುವ ಸಬ್ ಅಸೆಂಬ್ಲಿಗಳನ್ನೆಲ್ಲ (ಒಳಗಿನ ಚಿಕ್ಕ ಜೋಡಣೆಗಳು) ಬಿಚ್ಚಿ ಹರಡುತ್ತದೆ. ಆಗ ಫಿಲ್ಟರ್ ಹಾಕಿಯೂ ಮುಕ್ಕಾಲು ಮರ ಕಣ್ಣ ಮುಂದೆ ಇರುತ್ತದೆ. ಹಾಕದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ಈ ಬ್ರೌಸರ್ ಮೂರನೇ ದಾರಿ ಹಿಡಿದಿದೆ. ನನಗೆ ತುಂಬಾ ಇಷ್ಟವಾದದ್ದು ಇದೇ. ಮೊದಲು ಪಾರ್ಟ್ ಒಂದಕ್ಕೆ ಒಂದೇ ಸಾಲು, ಪಕ್ಕದಲ್ಲಿ ಎಷ್ಟು ಕಡೆ ಇದೆ ಎಂಬ ಸಂಖ್ಯೆ. ಆ ಸಂಖ್ಯೆ ಒತ್ತಿದರೆ ಎರಡನೇ ಹಂತದ ಸಬ್ ಅಸೆಂಬ್ಲಿ ಪ್ರಕಾರ ಹಂಚಿ ತೋರಿಸುತ್ತದೆ. ಫೀಡರ್‌ನಲ್ಲಿ 312, ಮಡಚುವ ಘಟಕದಲ್ಲಿ 648, ಅಂಟಿನ ಘಟಕದಲ್ಲಿ 190, ಹೀಗೆ. ಬೇಕಾದ ಕೊಂಬೆಯನ್ನು ಮಾತ್ರ ಕೆಳಗೆ ಬಿಚ್ಚಬಹುದು. ಬಿಚ್ಚಿದಾಗ ಹುಡುಕಿದ ಪಾರ್ಟ್ ಗಾಢವಾಗಿ ಕಾಣುತ್ತದೆ, ಅದರ ಮೇಲಿನ ಹಿರಿಯ ಅಸೆಂಬ್ಲಿಗಳು ತೆಳು ಬಣ್ಣದಲ್ಲಿ ಕಾಣುತ್ತವೆ. 'ನೀನು ಕೇಳಿದ್ದು ಇವಲ್ಲ, ಆದರೆ ನೀನು ಕೇಳಿದ್ದು ಇವುಗಳ ಮನೆಯಲ್ಲಿದೆ' ಅಂತ ಹೇಳಿದ ಹಾಗೆ. ಬೋಲ್ಟಿಗೆ ಅಪ್ಪ ಅಜ್ಜ ಯಾರು ಅಂತ ಗೊತ್ತಿಲ್ಲದೆ ಬೋಲ್ಟ್ ಬದಲಿಸಲು ಆಗಲ್ಲ, ಅಲ್ವಾ?

ಬಲಗಡೆ ಇನ್ನೊಂದು ಪಟ್ಟಿ ಇದೆ. ವಸ್ತು, ವೆಂಡರ್, ರಿವಿಷನ್, ತೂಕ, ಲೇಪನ, ಇಂಥ ಗುಣಗಳ ಪಟ್ಟಿ. ಪ್ರತಿ ಗುಣದ ಕೆಳಗೆ ಅದರಲ್ಲಿ ಏನೇನು ಬರೆದಿದೆ, ಎಷ್ಟೆಷ್ಟು ಸಲ ಬರೆದಿದೆ ಎಂಬ ಲೆಕ್ಕ. ಮೊದಲ ದಿನ 'ವಸ್ತು' ಬಿಚ್ಚಿ ನೋಡಿದಾಗ ನಾಚಿಕೆಯಾಯಿತು. ಎಸ್‌ಎಸ್304, ಎಸ್‌ಎಸ್ 304, ಎಸ್‌ಎಸ್-304, ಎಐಎಸ್‌ಐ 304, 1.4301, ಸುಮ್ನೆ ಸ್ಟೇನ್‌ಲೆಸ್ ಅಂತ ಇನ್ನೊಂದು. ಎಲ್ಲ ಒಂದೇ ಉಕ್ಕು. 1.4301 ಅನ್ನುವುದು ಅದೇ 304ರ ಯುರೋಪಿನ ಸಂಖ್ಯೆ. ಒಬ್ಬೊಬ್ಬರು ಒಂದೊಂದು ರೀತಿ ತುಂಬಿದ್ದಾರೆ. ಅದರಲ್ಲಿ 'ಎಸ್‌ಎಸ್ 304', ನಡುವೆ ಜಾಗ ಬಿಟ್ಟದ್ದು, ನಾನೇ. ಇಷ್ಟು ವರ್ಷ ನಾವು 'ಎಸ್‌ಎಸ್304' ಎಂದು ಹುಡುಕಿ ಬಂದದ್ದನ್ನೇ ಪೂರ್ತಿ ಅಂದುಕೊಂಡಿದ್ದೆವು. ಇದು ಸಾಫ್ಟ್‌ವೇರ್‌ನ ತಪ್ಪಲ್ಲ. ಆದರೆ ಖಾಲಿ ಹುಡುಕುವ ಪೆಟ್ಟಿಗೆ ಮಾತ್ರ ಕೊಟ್ಟಿದ್ದರೆ ಈ ತಪ್ಪು ನಮಗೆ ಯಾವತ್ತೂ ಕಾಣುತ್ತಿರಲಿಲ್ಲ. ಏನಿದೆ ಅಂತ ಮೊದಲೇ ಎದುರಿಗೆ ಇಟ್ಟದ್ದರಿಂದ ಕಂಡಿತು. ಎರಡು ದಿನ ಕೂತು ಸರಿಮಾಡಿದೆವು.

ಟೈಪ್ ಮಾಡುತ್ತಿದ್ದಂತೆ ಫಲಿತಾಂಶ ಬರುತ್ತದೆ. ಸಾಫ್ಟ್‌ವೇರ್ ಬಳಸಲು ಎಷ್ಟು ಸುಲಭ ಎಂಬುದನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 1993ರಲ್ಲಿ ಒಂದು ಅಳತೆ ಬರೆದಿಟ್ಟಿದ್ದರು: 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಬಂದಂತೆ ಅನ್ನಿಸುತ್ತದೆ, 1 ಸೆಕೆಂಡ್ ಆದರೆ ತಡ ಆಗಿದ್ದು ಗೊತ್ತಾದರೂ ಯೋಚನೆಯ ಎಳೆ ಕಡಿಯುವುದಿಲ್ಲ, 10 ಸೆಕೆಂಡ್ ಆದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಇಲ್ಲಿ ಪಾರ್ಟ್ ನಂಬರ್ ಹುಡುಕಿದರೆ ಸೆಕೆಂಡಿನೊಳಗೇ ಬರುತ್ತದೆ. ಆದರೆ ಇದಕ್ಕೊಂದು ಷರತ್ತು. ಯಾವ ಗುಣಗಳನ್ನು ಮೊದಲೇ ಸೂಚಿ ಮಾಡಿಟ್ಟಿರಬೇಕು ಎಂದು ನೀವೇ ಆರಿಸಬೇಕು. ಪುಸ್ತಕದ ಕೊನೆಯ ಪದಸೂಚಿ ಇದ್ದ ಹಾಗೆ. ಸೂಚಿಯಲ್ಲಿ ಇದ್ದರೆ ನೇರ ಪುಟಕ್ಕೆ ಹೋಗಬಹುದು, ಇಲ್ಲದಿದ್ದರೆ ಪುಟ ಪುಟ ತಿರುವಬೇಕು. ನಾವು 14 ಗುಣ ಆರಿಸಿದೆವು. ಉಷ್ಣ ಸಂಸ್ಕಾರದ (ಹೀಟ್ ಟ್ರೀಟ್‌ಮೆಂಟ್) ಕಾಲಂ ಮರೆತೆವು. ಅದರ ಮೇಲೆ ಫಿಲ್ಟರ್ ಹಾಕಿದ ದಿನ 3 ನಿಮಿಷ ಗಿರಗಿರ ಸುತ್ತಿತು. ಒಂದೊಂದೇ ಫೈಲ್ ತೆಗೆದು ನೋಡುತ್ತಿತ್ತು, ಪಾಪ. ಯಾಕೆ ತಡ ಅಂತ ಒಂದು ಸಾಲು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಾನು ಹ್ಯಾಂಗ್ ಆಯಿತೆಂದು ಕಂಪ್ಯೂಟರ್ ಆಫ್ ಮಾಡಿದೆ.

ಈಗ ಬ್ರಾಕೆಟ್ ಕಥೆ. ಈ ರಿವ್ಯೂ ಬರೆಯಲು ಕೂತದ್ದೇ ಅದಕ್ಕಾಗಿ.

ಕೊಂಡ ಎರಡನೇ ತಿಂಗಳು. ಸೆನ್ಸರ್ ಹಿಡಿಯುವ ಒಂದು ಸಣ್ಣ ಬ್ರಾಕೆಟ್‌ನಲ್ಲಿ ಬದಲಾವಣೆ ಬಂತು. ಹಳೆಯ ಬಿ ರಿವಿಷನ್‌ನಲ್ಲಿ ದುಂಡು ರಂಧ್ರ, ಹೊಸ ಸಿ ರಿವಿಷನ್‌ನಲ್ಲಿ ಉದ್ದ ರಂಧ್ರ, ಸೆನ್ಸರನ್ನು ಆಚೀಚೆ ಸರಿಸಿ ಹೊಂದಿಸಲು. ನಾನು ಪಾರ್ಟ್ ನಂಬರ್ ಮತ್ತು ರಿವಿಷನ್ ಬಿ ಎಂದು ಫಿಲ್ಟರ್ ಹಾಕಿದೆ. 46 ಬಂತು. 46ನ್ನೂ ಬದಲಿಸಿದೆ. ಮತ್ತೆ ಅದೇ ಫಿಲ್ಟರ್ ಹಾಕಿದೆ. ಸೊನ್ನೆ. ಖುಷಿಯಾಯಿತು. ಪಟ್ಟಿ ತಯಾರಿಕೆಗೆ ಹೋಯಿತು.

ಕೆಲವು ವಾರದ ಮೇಲೆ ಅಸೆಂಬ್ಲಿ ವಿಭಾಗದ ಹಿರಿಯ ಫಿಟ್ಟರ್ ಫೋನ್ ಮಾಡಿದರು. 'ಮೇಡಂ, ಈ ಅಂಟಿನ ಘಟಕಕ್ಕೆ ಎರಡು ಹಳೇದೇ ಬಂದಿದೆಯಲ್ಲ, ಬೇಕಂತಲೇ ಬಿಟ್ಟಿದ್ದೀರಾ?' ಬೇಕಂತ ಯಾರು ಬಿಡ್ತಾರೆ? ಓಡಿ ಹೋಗಿ ನೋಡಿದೆ. ದುಂಡು ರಂಧ್ರ, ಎರಡು.

ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಟ್ರೀ ಬೇಗ ತೆರೆಯಬೇಕೆಂದು ಈ ಬ್ರೌಸರ್ ಎಲ್ಲ ಕೊಂಬೆಗಳನ್ನೂ ತರುತ್ತಿರಲಿಲ್ಲ. ನೀವು ಬಿಚ್ಚಿದಾಗ ಮಾತ್ರ ಕೆಳಗಿನದ್ದನ್ನು ಸರ್ವರ್‌ನಿಂದ ತರುತ್ತಿತ್ತು. ತಪ್ಪಿಲ್ಲ, ಅದು ಒಳ್ಳೆಯ ಪದ್ಧತಿಯೇ. ಆದರೆ ಫಿಲ್ಟರ್ ಕೂಡ ತಂದ ಕೊಂಬೆಗಳಲ್ಲಿ ಮಾತ್ರ ಹುಡುಕುತ್ತಿತ್ತು. ಅಂಟಿನ ಘಟಕದ ಒಳಗಿನ ಒಂದು ಸಬ್ ಅಸೆಂಬ್ಲಿಯನ್ನು ನಾನು ಆ ದಿನ ಬಿಚ್ಚಿರಲಿಲ್ಲ. ಆ ಎರಡು ಬ್ರಾಕೆಟ್ ಅಲ್ಲಿ ಹಾಯಾಗಿ ಕೂತಿದ್ದವು. ಪರದೆ ಮಾತ್ರ ಯಾವ ಸಂಕೋಚವೂ ಇಲ್ಲದೆ '46' ಎಂದು ತೋರಿಸಿತು.

ಯೋಚಿಸಿ ನೋಡಿ. ನಿಧಾನವಾಗಿದ್ದಿದ್ದರೆ ಬೈದುಕೊಂಡು ಕಾಯುತ್ತಿದ್ದೆ. ಕ್ರ್ಯಾಶ್ ಆಗಿದ್ದರೆ ಮತ್ತೆ ಶುರು ಮಾಡುತ್ತಿದ್ದೆ. ಎರಡರಲ್ಲೂ ಏನೋ ಸರಿಯಿಲ್ಲ ಎಂದು ನನಗೆ ಗೊತ್ತಿರುತ್ತಿತ್ತು. ಬೇಗ ಬಂದ, ಅಚ್ಚುಕಟ್ಟಾದ, ತಪ್ಪು ಸಂಖ್ಯೆಯ ಮೇಲೆ ಅನುಮಾನ ಪಡುವುದು ಹೇಗೆ?

ಸಪೋರ್ಟ್‌ಗೆ ಬರೆದೆ. ಮೊದಲ ಉತ್ತರ: ಅದು ಇರುವುದೇ ಹಾಗೆ, ಫಿಲ್ಟರ್ ಹಾಕುವ ಮುಂಚೆ 'ಎಲ್ಲ ಬಿಚ್ಚು' ಒತ್ತಿ. ಎಲ್ಲ ಬಿಚ್ಚಲು 11 ನಿಮಿಷ. ಹಾಗಾದರೆ ಹಳೆಯದಕ್ಕೂ ಇದಕ್ಕೂ 3 ನಿಮಿಷದ ವ್ಯತ್ಯಾಸ ಅಷ್ಟೇ ಎಂದು ಮರು ಉತ್ತರ ಬರೆದೆ. ಸ್ವಲ್ಪ ಖಾರವಾಗಿಯೇ ಬರೆದೆ. ಅದಾದ ಮೇಲೆ ಅವರ ಕಡೆಯ ಒಬ್ಬ ಹುಡುಗ ಪರದೆ ಹಂಚಿಕೊಂಡು ಒಂದು ಗಂಟೆ ಕೂತು ನೋಡಿದ. ನಾಲ್ಕನೇ ತಿಂಗಳ ಅಪ್‌ಡೇಟ್‌ನಲ್ಲಿ ಸರಿಯಾಯಿತು. ಈಗ ಹುಡುಕಾಟ ಸರ್ವರ್‌ನಲ್ಲೇ, ಪೂರ್ತಿ ರಚನೆಯ ಮೇಲೆ ನಡೆಯುತ್ತದೆ. ಸಿಕ್ಕವುಗಳ ದಾರಿ ಮಾತ್ರ ನಮ್ಮ ಕಂಪ್ಯೂಟರ್‌ಗೆ ಬರುತ್ತದೆ. ಕೆಳಗೆ ಒಂದು ಪುಟ್ಟ ಸಾಲೂ ಬಂದಿದೆ: ಇಷ್ಟರಲ್ಲಿ ಹುಡುಕಿದೆ, ಇಷ್ಟು ಸಿಕ್ಕಿತು, ಇಷ್ಟು ಅಡಗಿದೆ, ಇಷ್ಟು ಓದಲು ಅನುಮತಿ ಇಲ್ಲ. ಆ ಕೊನೆಯದ್ದನ್ನು ನಾನು ಕೇಳಿರಲಿಲ್ಲ, ಅವರೇ ಸೇರಿಸಿದ್ದಾರೆ. ಭೇಷ್ ಅನ್ನಬೇಕು. ಹೊರಗಿನ ವೆಂಡರ್ ಕೊಟ್ಟ ಕೆಲವು ಘಟಕಗಳು ನಮಗೆ ಬೀಗ ಹಾಕಿದ ಪೆಟ್ಟಿಗೆ ಇದ್ದಂತೆ. ಅವು ಲೆಕ್ಕದಿಂದ ಹೊರಗಿವೆ ಎಂಬುದಾದರೂ ತಿಳಿಯಬೇಕಲ್ಲ.

ಜಾಗ ನೋಡಿ ಫಿಲ್ಟರ್ ಮಾಡುವುದು ಇದರ ಇನ್ನೊಂದು ಸೌಲಭ್ಯ. ಮೆಷಿನ್‌ನಲ್ಲಿ ಒಂದು ಡಬ್ಬಿಯಾಕಾರದ ಪ್ರದೇಶ ಗುರುತು ಮಾಡಿ 'ಇದರೊಳಗೆ ಬರುವುದನ್ನು ಮಾತ್ರ ತೋರಿಸು' ಅನ್ನಬಹುದು. ಅಥವಾ 'ಈ ಮೋಟರಿನ ಸುತ್ತ 50 ಮಿಲಿಮೀಟರ್ ಒಳಗಿರುವುದು' ಅನ್ನಬಹುದು. ಕೇಬಲ್ ದಾರಿ ಮಾಡುವವರಿಗೆ ಇದು ವರ. ಟ್ರೀಯಲ್ಲಿ ಎಲ್ಲೋ ಎಲ್ಲೋ ಇರುವ ಪಾರ್ಟ್‌ಗಳು ಮೆಷಿನ್‌ನಲ್ಲಿ ಅಕ್ಕಪಕ್ಕ ಇರುತ್ತವೆ. ಟ್ರೀಗೆ ಅದು ಗೊತ್ತಿಲ್ಲ.

ಮೊದಲ ಸಲ ಬಳಸಿದಾಗ ಮೋಟರಿನ ಸುತ್ತ 612 ಪಾರ್ಟ್ ಬಂತು. ಅದರಲ್ಲಿ ಮೆಷಿನ್‌ನ ಇನ್ನೊಂದು ತುದಿಯ ಗಾಳಿ ಕೊಳವೆಯೂ ಇತ್ತು! ಇದು ಯಾಕೆ ಹೀಗೆ ಅಂತ ಸ್ವಲ್ಪ ತಲೆ ಕೆರೆದುಕೊಂಡೆ. ಪ್ರತಿ ಪಾರ್ಟ್‌ಗೂ ಅದನ್ನು ಪೂರ್ತಿ ಮುಚ್ಚುವ ಒಂದು ಕಾಲ್ಪನಿಕ ಪೆಟ್ಟಿಗೆಯನ್ನು ಮೊದಲೇ ಲೆಕ್ಕ ಹಾಕಿಟ್ಟಿರುತ್ತಾರೆ. ಪೆಟ್ಟಿಗೆಗೆ ಪೆಟ್ಟಿಗೆ ತಾಗುತ್ತದೆಯೇ ಎಂದು ನೋಡುವುದು ಬಹಳ ಬೇಗ ಆಗುತ್ತದೆ, ಆರು ಸಂಖ್ಯೆಗಳನ್ನು ಹೋಲಿಸಿದರೆ ಮುಗಿಯಿತು. ಆದರೆ ಪೆಟ್ಟಿಗೆಯ ಬದಿಗಳು ಯಾವಾಗಲೂ ಮೆಷಿನ್‌ನ ಅಕ್ಷಗಳಿಗೆ ಸಮನಾಗಿ ನಿಲ್ಲುತ್ತವೆ. ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹೋದ ತೆಳ್ಳನೆಯ ಕೊಳವೆಯ ಪೆಟ್ಟಿಗೆ ಎಂದರೆ ಇಡೀ ಮೆಷಿನ್ನೇ ಆಗಿಬಿಡುತ್ತದೆ. ಹಾಗಾಗಿ ಆ ಕೊಳವೆ ಎಲ್ಲ ಕಡೆಯೂ 'ಹತ್ತಿರ' ಇದೆ.

'ನಿಖರ' ಎಂಬ ಗುರುತು ಹಾಕಿದರೆ ಎರಡನೇ ಸುತ್ತಿನ ಪರೀಕ್ಷೆ ನಡೆಯುತ್ತದೆ. ಪೆಟ್ಟಿಗೆ ತಾಗಿದವುಗಳ ನಿಜವಾದ ತ್ರಿಕೋನಗಳನ್ನು ತೆಗೆದು ಅಳೆಯುತ್ತದೆ. 612 ಇದ್ದದ್ದು 97ಕ್ಕೆ ಇಳಿಯಿತು, 7 ಸೆಕೆಂಡಿನಲ್ಲಿ. ಮೊದಲು ಒರಟು ಜರಡಿ, ಆಮೇಲೆ ಸಣ್ಣ ಜರಡಿ. ಎಲ್ಲ 31,460ನ್ನೂ ನೇರ ಸಣ್ಣ ಜರಡಿಗೆ ಹಾಕಿದ್ದರೆ ಕಾಯುತ್ತಾ ಕೂರಬೇಕಿತ್ತು. ಲೆಕ್ಕ ಸರಿಯಾಗಿದೆ. ನನ್ನ ತಕರಾರು ಒಂದೇ, 'ನಿಖರ' ಎಂಬುದು ತಾನಾಗೇ ಆನ್ ಆಗಿರಬೇಕಿತ್ತು. ಹೊಸಬರು ಆ ಗುರುತನ್ನು ನೋಡುವುದೇ ಇಲ್ಲ.

ತೋರಿಸುವ ವಿಧಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಣ್ಣ ಹಚ್ಚುವುದು, ಮಿಕ್ಕದ್ದನ್ನು ಗಾಜಿನಂತೆ ಮಸುಕು ಮಾಡುವುದು ಎಲ್ಲ ಇದೆ, ಚೆನ್ನಾಗಿದೆ. ಮಸುಕು ಮಾಡುವುದನ್ನು ಕಡಿಮೆ ಬಳಸಿ, ಗ್ರಾಫಿಕ್ಸ್ ಕಾರ್ಡಿಗೆ ಅದು ಭಾರ. ಒಂದರ ಹಿಂದೆ ಒಂದು ಇರುವುದನ್ನೆಲ್ಲ ಬರೆಯಬೇಕಾಗುತ್ತದೆ.

ಆದರೆ ಒಂದು ಮಾತು ಹೇಳಲೇಬೇಕು. ಮಾದರಿಯನ್ನು ತಿರುಗಿಸುವಾಗ ಪರದೆಯ ಮೇಲೆ ಕೆಲವೇ ಪಿಕ್ಸೆಲ್‌ಗಿಂತ ಸಣ್ಣದಾಗಿ ಕಾಣುವ ಪಾರ್ಟ್‌ಗಳನ್ನು ಇದು ಬರೆಯುವುದಿಲ್ಲ. ಸ್ಕ್ರೂ, ವಾಷರ್ ಎಲ್ಲ ಮಾಯ. ನಿಲ್ಲಿಸಿದರೆ ವಾಪಸ್ ಬರುತ್ತವೆ. ತಿರುಗಿಸುವಾಗ ಸರಾಗವಾಗಿರಲು ಇದು ಬೇಕು, ಒಪ್ಪುತ್ತೇನೆ. ಆದರೆ ಅಡ್ಡ ಸೀಳಿ ನೋಡುವಾಗ ನಿಲ್ಲಿಸಿದರೂ ಕೆಲವು ವಾಪಸ್ ಬರುವುದಿಲ್ಲ. 1 ಮಿಲಿಮೀಟರ್ ದಪ್ಪದ ಗ್ಯಾಸ್ಕೆಟ್ ಇಲ್ಲವೆಂದು ತಿಳಿದು ಸಹೋದ್ಯೋಗಿಗೆ ಫೋನ್ ಮಾಡಿ 'ಯಾಕಪ್ಪಾ ಗ್ಯಾಸ್ಕೆಟ್ ತೆಗೆದೆ' ಎಂದು ಕೇಳಿದೆ. ಅವನು ತೆಗೆದಿರಲಿಲ್ಲ. ಇದು ಇನ್ನೂ ಸರಿಯಾಗಿಲ್ಲ.

ಇನ್ನೊಂದು ದೊಡ್ಡ ತಕರಾರು ಫಿಲ್ಟರ್‌ಗೆ ಹಾಕಿರುವ ಆಲಿಕೆ (ಫನಲ್) ಚಿಹ್ನೆಯ ಬಗ್ಗೆ.

ನಮ್ಮ ಮೆಷಿನ್ ಎರಡು ಬಗೆಯಲ್ಲಿ ಬರುತ್ತದೆ. ಬಿಸಿ ಅಂಟು ಹಾಕುವುದು, ಟೇಪ್ ಹಚ್ಚುವುದು. ಎರಡಕ್ಕೂ ಒಂದೇ ಟ್ರೀ. ಅದರಲ್ಲಿ ಎರಡೂ ಬಗೆಯ ಘಟಕಗಳು ಒಟ್ಟಿಗೆ ಇರುತ್ತವೆ. ನಮ್ಮವರು ಇದನ್ನು 150 ಪರ್ಸೆಂಟ್ ಬಾಮ್ ಅಂತಾರೆ. ಬಾಮ್ ಅಂದರೆ ಮೆಷಿನ್‌ಗೆ ಬೇಕಾದ ಭಾಗಗಳ ಪಟ್ಟಿ, ಬಿಲ್ ಆಫ್ ಮೆಟೀರಿಯಲ್ಸ್. ಯಾವ ಗ್ರಾಹಕರಿಗೂ ಪೂರ್ತಿ 150 ಹೋಗುವುದಿಲ್ಲ. ಬಗೆ ಆರಿಸಿದರೆ 100 ಉಳಿಯುತ್ತದೆ. ಇದಲ್ಲದೆ '12ನೇ ಮೆಷಿನ್‌ನಿಂದ ಮುಂದಕ್ಕೆ ಹೊಸ ಗೇರ್‌ಬಾಕ್ಸ್' ಎಂಬ ಥರದ ನಿಯಮಗಳೂ ಇವೆ. ಈ ಆಯ್ಕೆ ಮೆಷಿನ್ ಏನು ಎಂಬುದನ್ನೇ ತೀರ್ಮಾನಿಸುತ್ತದೆ. ನಾನು ಸ್ಟೇನ್‌ಲೆಸ್ ಪಾರ್ಟ್ ಮಾತ್ರ ತೋರಿಸು ಅನ್ನುವುದು ಬರೀ ನನ್ನ ಕಣ್ಣಿನ ಅನುಕೂಲಕ್ಕೆ. ಒಂದು ಮೆಷಿನ್‌ಗೆ ಸೇರಿದ್ದು, ಇನ್ನೊಂದು ನನಗೆ ಸೇರಿದ್ದು.

ಈ ಬ್ರೌಸರ್‌ನಲ್ಲಿ ಎರಡಕ್ಕೂ ಅದೇ ಆಲಿಕೆ ಚಿಹ್ನೆ. 'ಎಲ್ಲ ಫಿಲ್ಟರ್ ತೆಗೆ' ಒತ್ತಿದರೆ ಎರಡೂ ಹೋಗುತ್ತವೆ. ಒಂದು ದಿನ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿ ಅದನ್ನು ಒತ್ತಿ, ಪಾರ್ಟ್‌ಗೆ ಪಾರ್ಟ್ ತಾಗುತ್ತದೆಯೇ ಎಂಬ ಪರೀಕ್ಷೆ ಓಡಿಸಿದಳು. ಸಾವಿರದ ಒಂಬೈನೂರಕ್ಕೂ ಹೆಚ್ಚು ಡಿಕ್ಕಿ! ಮೋಟರಿನೊಳಗೆ ಮೋಟರ್. ಅಂಟಿನ ಟ್ಯಾಂಕಿನೊಳಗೆ ಟೇಪಿನ ಉರುಳೆ. ಪಾಪ, ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದಳು. 'ಅಕ್ಕಾ, ನಾನೇನೋ ಹಾಳು ಮಾಡಿದೆ.' ನೀನಲ್ಲಮ್ಮಾ, ಆ ಚಿಹ್ನೆ ಹಾಕಿದವನು ಅಂದೆ. ಬಗೆಯ ಆಯ್ಕೆಯನ್ನು ಬೇರೆ ಜಾಗದಲ್ಲಿ, ಪರದೆಯ ನೆತ್ತಿಯ ಮೇಲೆ, ಸುಲಭಕ್ಕೆ ಕೈಗೆ ಸಿಗದಂತೆ ಇಡಬೇಕು. ಬರೆದು ಕೇಳಿದ್ದೇನೆ. 'ಪರಿಶೀಲಿಸುತ್ತೇವೆ' ಎಂಬ ಉತ್ತರ ಬಂದಿದೆ.

'ಅಲ್ಲ' ಎಂಬ ಫಿಲ್ಟರ್ ಬಗ್ಗೆಯೂ ಎಚ್ಚರ. 'ಹೊರಗಿಂದ ಕೊಂಡದ್ದು ಅಲ್ಲದ್ದನ್ನು ತೋರಿಸು' ಎಂದು ಕೊಟ್ಟೆ. ಕೊಂಡ ಗೇರ್‌ಬಾಕ್ಸ್ ಮರೆಯಾಯಿತು, ಸರಿ. ಅದರ ಒಳಗೆ ನಾವೇ ಮಾಡಿ ಕೂಡಿಸುವ ಒಂದು ಅಡಾಪ್ಟರ್ ಪ್ಲೇಟ್ ಇದೆ. ಅದೂ ಮರೆಯಾಯಿತು. ಅಪ್ಪನನ್ನು ಹೊರಗೆ ಹಾಕಿದಾಗ ಮಕ್ಕಳನ್ನು ಏನು ಮಾಡಬೇಕು ಎಂಬುದಕ್ಕೆ ಒಂದೇ ಸರಿಯಾದ ಉತ್ತರ ಇಲ್ಲ. ಕೆಲವು ಸಲ ಹಾಗೇ ಬೇಕು, ಕೆಲವು ಸಲ ಬೇಡ. ಇಲ್ಲಿ ಅದನ್ನು ಆರಿಸುವ ಗುಂಡಿ ಇದೆ, ಆದರೆ ಮೂರು ಮೆನು ಒಳಗೆ ಹೂತಿದೆ. ಸಿಕ್ಕಿದ್ದು ಆರನೇ ತಿಂಗಳಲ್ಲಿ.

ಫಿಲ್ಟರ್ ಉಳಿಸಿ ಇಡುವುದು ಚೆನ್ನಾಗಿ ಮಾಡಿದ್ದಾರೆ. ಮೂರು ಆಯಾಮದ ಮಾದರಿಗಳನ್ನು ನೋಡುವ ನ್ಯಾವಿಸ್‌ವರ್ಕ್ಸ್ ಬಳಸಿದವರಿಗೆ ಸೆಲೆಕ್ಷನ್ ಸೆಟ್, ಸರ್ಚ್ ಸೆಟ್ ಎರಡರ ವ್ಯತ್ಯಾಸ ಗೊತ್ತಿರುತ್ತದೆ. ಒಂದು ಆ ದಿನ ಸಿಕ್ಕ ಪಾರ್ಟ್‌ಗಳನ್ನು ನೆನಪಿಡುತ್ತದೆ, ಇನ್ನೊಂದು ಪ್ರಶ್ನೆಯನ್ನು ನೆನಪಿಟ್ಟು ಮಾದರಿ ಬದಲಾದಂತೆ ಹೊಸದಾಗಿ ಉತ್ತರ ಕೊಡುತ್ತದೆ. ಇಲ್ಲೂ ಎರಡೂ ಇವೆ. ಮೀಟಿಂಗ್‌ನಲ್ಲಿ ಒಪ್ಪಿದ ಪಟ್ಟಿಗೆ ಮೊದಲನೆಯದು. ದಿನಾ ಬೆಳಗ್ಗೆ ನೋಡುವ 'ತೂಕ ತುಂಬದ ಪಾರ್ಟ್‌ಗಳು' ಥರದ್ದಕ್ಕೆ ಎರಡನೆಯದು. ಉಳಿಸಿದ್ದನ್ನು ಬೇರೆಯವರಿಗೆ ಕೊಂಡಿಯಾಗಿ ಕಳಿಸಬಹುದು. ತಯಾರಿಕಾ ಯೋಜನೆಯವರು ಇದನ್ನು ನಮಗಿಂತ ಜಾಸ್ತಿ ಬಳಸುತ್ತಾರೆ.

ಕೊಳ್ಳುವ ಯೋಚನೆ ಇದ್ದವರಿಗೆ ಒಂದು ಮಾತು. ಡೆಮೋದಲ್ಲಿ ಅವರು ತೋರಿಸುವ ಮಾದರಿ ನೋಡಿ ತೀರ್ಮಾನ ಮಾಡಬೇಡಿ. ಅದರಲ್ಲಿ ಎಲ್ಲ ಪಾರ್ಟ್‌ಗೂ ಹೆಸರಿರುತ್ತದೆ, ಎಲ್ಲ ವಸ್ತುವೂ ಒಂದೇ ಥರ ಬರೆದಿರುತ್ತದೆ. ನಿಮ್ಮ ಅತ್ಯಂತ ಕೊಳಕು ಅಸೆಂಬ್ಲಿಯನ್ನು ಒಯ್ಯಿರಿ. ಉತ್ತರ ನಿಮಗೆ ಮೊದಲೇ ಗೊತ್ತಿರುವ ಪ್ರಶ್ನೆ ಕೇಳಿ. ಮೂರ್ನಾಲ್ಕು ಪಾರ್ಟ್‌ಗಳನ್ನು ಒಂಬತ್ತನೇ ಹಂತದಲ್ಲಿ ಬಚ್ಚಿಟ್ಟು, ಏನೂ ಬಿಚ್ಚದೆ ಫಿಲ್ಟರ್ ಹಾಕಿ, ಎಷ್ಟು ಸಿಗುತ್ತವೆ ಎಣಿಸಿ. ಈ ಒಂದು ಪರೀಕ್ಷೆ ನಾವು ಮಾಡಿದ್ದರೆ ಬ್ರಾಕೆಟ್ ಕಥೆ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಐದಾರು ಸಾವಿರ ಸಾಲಿನೊಳಗಿನ ಕೆಲಸ ಮಾಡುವವರಾದರೆ ಇದು ಬೇಡ, ನಿಮ್ಮ ಸಾಫ್ಟ್‌ವೇರ್ ಜೊತೆ ಬಂದ ಟ್ರೀ ಸಾಕು. ನಮ್ಮಂಥವರಿಗೆ ಬೇಕು. ಐದಕ್ಕೆ ಮೂರೂವರೆ ನಕ್ಷತ್ರ. ಆಲಿಕೆ ಬೇರೆ ಮಾಡಿದ ದಿನ ನಾಲ್ಕು.

ಮೊನ್ನೆ ಅದೇ ಫಿಟ್ಟರ್ ಮತ್ತೆ ಫೋನ್ ಮಾಡಿದ್ದರು. ಅಂಟಿನ ಘಟಕದ ಸ್ಪ್ರಿಂಗ್ ಎಷ್ಟು ಬೇಕು, ಸ್ಟೋರ್‌ನಿಂದ ತೆಗೆಸಬೇಕು ಅಂದರು. ಫಿಲ್ಟರ್ ಹಾಕಿದೆ. 'ಇಪ್ಪತ್ತನಾಲ್ಕು' ಅಂದೆ. ಆ ಕಡೆ ಮೌನ. 'ಪೂರ್ತಿ ಹುಡುಕಿದ್ದಾ ಮೇಡಂ?' ಕೆಳಗಿನ ಪುಟ್ಟ ಸಾಲನ್ನು ಓದಿ ಹೇಳಿದೆ, ಬೀಗ ಹಾಕಿದ ಘಟಕ ಎರಡು ಇವೆ ಅಂತಲೂ ಹೇಳಿದೆ. 'ಹಾಗಾದರೆ ಆ ಎರಡನ್ನ ನಾನೇ ಬಿಚ್ಚಿ ನೋಡ್ತೀನಿ' ಅಂದು ಫೋನ್ ಇಟ್ಟರು.